ನೆಲಮಾಳಿಗೆಯ ಎರಡು ದೀಪಗಳು

ಅವರು ನಡೆಯುವಾಗ ಯಾವಾಗಲೂ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ವಯಸ್ಸಾಗಿದೆ, ಕತ್ತು ಬಾಗಿದೆ ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಫುಟ್‌ಪಾತ್ ಪರೀಕ್ಷೆ ಮಾಡುತ್ತಿದ್ದರು. ನಮ್ಮ ಮನೆ ಮಾಲೀಕರು, ಇಟಲಿಯಿಂದ ಬಂದು ಡೆಟ್ರಾಯಿಟ್‌ನ ಪೂರ್ವ ಭಾಗದಲ್ಲಿ ಆಯುಷ್ಯವೆಲ್ಲ ಸಿಮೆಂಟ್ ಕೆಲಸ ಮಾಡಿದ ಮನುಷ್ಯ. ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನಿಂತು, ಬೂಟಿನ ತುದಿಯಿಂದ ಒಂದು ಚೌಕವನ್ನು ತಟ್ಟಿ "ಇದು ನಂದು" ಎನ್ನುತ್ತಿದ್ದರು. ಸ್ವಲ್ಪ ಮುಂದೆ ಬಿರುಕು ಬಿಟ್ಟ ಚೌಕ ಸಿಕ್ಕರೆ ಮುಖ ಸಿಂಡರಿಸಿಕೊಂಡು "ಇದು ನನ್ನ ಭಾವಮೈದುನನದು" ಎನ್ನುತ್ತಿದ್ದರು. ಭಾವಮೈದುನ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಪ್ರತಿ ಚಳಿಗಾಲ ಕಳೆದಾಗಲೂ ಅವನ ಬಿರುಕುಗಳು ಹೊಸದಾಗಿ ಲೆಕ್ಕಕ್ಕೆ ಬರುತ್ತಿದ್ದವು.

ಹೋದ ಭಾನುವಾರ ಅವರ ಮಗಳು ಫೋನ್ ಮಾಡಿದ್ದಳು. ನಾವು ಡೆಟ್ರಾಯಿಟ್ ಬಿಟ್ಟು ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ಗೆ ಬಂದ ಮೇಲೆ ಅವಳ ಧ್ವನಿ ಕೇಳಿದ್ದು ಅದೇ ಮೊದಲು. ಅಪ್ಪ ಬೇಸಿಗೆಯಲ್ಲಿ ಹೋದರು ಎಂದಳು. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಅಂಜೂರದ ಗಿಡದ ಕೆಳಗೆ ಕೂತಿದ್ದರಂತೆ, ಊಟಕ್ಕೆ ಕರೆಯಲು ಹೋದಾಗ ಏಳಲಿಲ್ಲವಂತೆ. ನಮ್ಮ ನಂಬರು ನೆಲಮಾಳಿಗೆಯ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದು ಈಗ, ಮನೆ ಖಾಲಿ ಮಾಡುವಾಗ ಕಣ್ಣಿಗೆ ಬಿತ್ತಂತೆ.

"ಮನೆ ಮಾರ್ತಿದೀವಿ. ತಗೊಳ್ಳೋರೂ ಇಟಲಿ ಕಡೆಯವರೇ, ಹೊಸದಾಗಿ ಬಂದೋರು. ಬೇಸ್‌ಮೆಂಟಿನಲ್ಲಿರೋ ಅಪ್ಪನ ವೈನ್ ಪೀಪಾಯಿ, ತೊಟ್ಟಿ ಎಲ್ಲಾ ಬೇಕಂತೆ. ಇನ್ನೊಂದು ಕಡೆ ಅವರ ಮಗೂಗೆ ಆಟ ಆಡೋಕೆ ಜಾಗ ಮಾಡ್ತಾರಂತೆ. ಆದ್ರೆ ಬೇಸ್‌ಮೆಂಟ್ ಗೋಡೆಯಿಂದ ನೆಲದ ತನಕ ಒಂದು ತಗಡಿನ ಪೈಪ್ ಇಳಿದಿದೆಯಲ್ಲ, ಅದು ಅಸಹ್ಯ ಕಾಣುತ್ತೆ, ತೆಗೆಸಿ ತೂತು ಮುಚ್ಚಿಸಿ ಅಂತಾರೆ. ಅದ್ಯಾತಕ್ಕೆ ಅಂತ ನಂಗೆ ಸರಿಯಾಗಿ ಗೊತ್ತಿಲ್ಲ. ನಿಮ್ಮ ಕಾಲದಲ್ಲೇ ಬಂದಿದ್ದಲ್ವಾ? ತೆಗೆಸಬಹುದಾ?"

ನಾನು ಫೋನಿನ ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. ಹಾಲಿನಲ್ಲಿ ನನ್ನ ಮಗಳು ಟೀವಿ ನೋಡುತ್ತ ನಗುತ್ತಿದ್ದಳು. ಆ ನಗು ಕಿವಿಗೆ ಬೀಳುತ್ತಿದ್ದಂತೆ, ಆ ಪೈಪಿನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

ನಾವು ಅವರ ಮಹಡಿಗೆ ಬಾಡಿಗೆಗೆ ಹೋದಾಗ ನನಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ನೇರವಾಗಿ ಹಿಮಕ್ಕೆ ಬಂದಿಳಿದಿದ್ದೆ. ಇವರಿಗೆ, ನನ್ನ ಯಜಮಾನರಿಗೆ, ಪಕ್ಕದ ವಾರೆನ್‌ನಲ್ಲಿ ಕಾರಿನ ಎಂಜಿನಿಯರಿಂಗ್ ಕೆಲಸ. ಮನೆ ತೋರಿಸುವಾಗ ಆ ಮುದುಕರು ಕೆಲಸ, ಸಂಬಳ, ಊರು ಯಾವುದನ್ನೂ ಕೇಳಲಿಲ್ಲ. ಏನು ತಿನ್ನುತ್ತೀರಿ ಎಂದಷ್ಟೇ ಕೇಳಿದರು. ನಾವು ವೆಜಿಟೇರಿಯನ್, ಮಾಂಸ ತಿನ್ನುವುದಿಲ್ಲ ಎಂದೆವು.

"ಕೋಳಿ?"

"ಅದೂ ಇಲ್ಲ."

"ಚಿಕ್ಕ ಸಾಸೇಜ್? ಹಬ್ಬಕ್ಕೆ?"

"ಇಲ್ಲ."

"ನಮ್ಮ ಬೆಟ್ಟದ ಊರಿನಲ್ಲಿ ನಾವೂ ಹಾಗೇ ಇದ್ದಿದ್ದು. ಅದಕ್ಕೊಂದು ಹೆಸರಿದೆ ಅಂತ ಗೊತ್ತಿರಲಿಲ್ಲ, ಅಷ್ಟೇ" ಎಂದರು. ಮಾರನೆಯ ದಿನ ಬಾಗಿಲ ಮುಂದೆ ಒಂದು ಬುಟ್ಟಿ ತುಂಬ ಬೀನ್ಸು, ದಪ್ಪಮೆಣಸಿನಕಾಯಿ, ಟೊಮೆಟೊ ಇತ್ತು.

ಅವರ ಇಂಗ್ಲಿಷಿನಲ್ಲಿ ಕ್ರಿಯಾಪದ ಕಡಿಮೆ, ಕೈ ಜಾಸ್ತಿ. ನಾನಿಲ್ಲಿ ಬರೆಯುತ್ತಿರುವುದು ಆ ಕೈಗಳನ್ನೂ ಸೇರಿಸಿ ನನಗೆ ಅರ್ಥವಾದದ್ದನ್ನು. ನನ್ನನ್ನು ಅವರು ಸಿನ್ಯೋರಾ, ಎಂದರೆ ಅಮ್ಮಾವರೇ, ಎನ್ನುತ್ತಿದ್ದರು. ಪುಟ್ಟಿ ಹುಟ್ಟಿದ ಮೇಲೆ ನಾನು ಅವರನ್ನು ತಾತ ಎಂದು ಕರೆಯತೊಡಗಿದೆ. ಮೊದಲ ಸಲ ಕರೆದಾಗ ತಿರುಗಿ ನೋಡಿ, ಅವರ ಊರ ಕಡೆ ಅಪ್ಪನನ್ನು ಹಾಗೇ ಕರೆಯುವುದು ಎಂದರು. ಅವರ ಮಗಳು ಮಾತ್ರ ಡ್ಯಾಡ್ ಎನ್ನುತ್ತಿದ್ದಳು. ಭಾನುವಾರ ಊಟಕ್ಕೆ ಬರುತ್ತಿದ್ದಳು. ಅವರು ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳುತ್ತಿದ್ದರು, ಅವಳು "ಐ ನೋ, ಡ್ಯಾಡ್, ಐ ನೋ" ಎಂದು ಚುಟುಕಾಗಿ ಮುಗಿಸುತ್ತಿದ್ದಳು. ನಾವು ಮಹಡಿಯಲ್ಲಿ ಕೂತು ಕೇಳಿ ನಗುತ್ತಿದ್ದೆವು. ಈಗ ನಮ್ಮ ಮನೆಯಲ್ಲೂ ಅದೇ ಸಂಭಾಷಣೆ.

ಆ ಮನೆಯಲ್ಲಿ ಕೆಳಗಿನ ಹಾಲಿನ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿತ್ತು. ಅಡುಗೆಮನೆ ಥಳಥಳ ಹೊಳೆಯುತ್ತಿತ್ತು, ಅಲ್ಲಿ ಒಲೆ ಹಚ್ಚುತ್ತಿರಲಿಲ್ಲ. ನಿಜವಾದ ಅಡುಗೆಮನೆ ಇದ್ದದ್ದು ನೆಲಮಾಳಿಗೆಯಲ್ಲಿ. ಹಳೆಯ ಒಲೆ, ಉದ್ದನೆಯ ಮೇಜು, ಟೊಮೆಟೊ ತುಂಬಿಟ್ಟ ಗಾಜಿನ ಜಾಡಿಗಳ ಸಾಲು, ಅದರಾಚೆ ವೈನಿನ ಪೀಪಾಯಿಗಳು. ತೀರಿಹೋದ ಹೆಂಡತಿ ಮಾಡಿಕೊಂಡ ಏರ್ಪಾಡು ಅದು. ಮೇಲಿನದು ಬಂದವರು ನೋಡಿ ಹೋಗಲಿಕ್ಕೆ, ಕೆಳಗಿನದು ಬದುಕಲಿಕ್ಕೆ. ಮಡಿಯ ಅಡುಗೆಮನೆ, ಮೈಲಿಗೆಯ ಅಡುಗೆಮನೆ ಎಂದು ನಾನು ಇವರಿಗೆ ವಿವರಿಸಿದ್ದೆ.

ಆ ನೆಲಮಾಳಿಗೆಯ ಗೋಡೆ, ನೆಲ ಎಲ್ಲವನ್ನೂ ಅವರೇ ಕೈಯಾರೆ ಮಾಡಿದ್ದು. ಬೀದಿಯಲ್ಲಿ ಎಲ್ಲರ ಮನೆಗೂ ಹಿಮ ಕರಗಿದಾಗ ನೀರು ನುಗ್ಗುತ್ತಿತ್ತು, ಅವರ ಮನೆಗೆ ಒಂದು ಹನಿ ಬರುತ್ತಿರಲಿಲ್ಲ. ಗೋಡೆಯನ್ನು ಕುದುರೆಯ ಮೈ ಸವರಿದಂತೆ ಸವರುತ್ತ, "ನೀರಲ್ಲ, ಗಾಳಿ ಕೂಡ ಬರಲ್ಲ" ಎನ್ನುತ್ತಿದ್ದರು. ಕ್ಯಾಲೆಂಡರು ತೂಗುಹಾಕಲು ಇವರು ಒಂದು ಮೊಳೆ ಹೊಡೆಯಲು ಹೋದಾಗ ಅವರು ಸುತ್ತಿಗೆಯನ್ನೇ ಕಿತ್ತುಕೊಂಡಿದ್ದರು.

ಅವರಿಗೆ ಒಂದು ಮಾತಿನ ಅಭ್ಯಾಸವಿತ್ತು. ಯಾವ ಕೆಲಸ ಮುಗಿದರೂ ಎರಡೂ ಕೈ ಒಮ್ಮೆ ಕೊಡವಿ, "ಬಸ್ತಾ. ಈಗ ಬಿಟ್ಟುಬಿಡಿ" ಎನ್ನುತ್ತಿದ್ದರು. ಬಸ್ತಾ ಎಂದರೆ ಸಾಕು. ಸಿಮೆಂಟಿನ ಮೇಲೆ ಕರಣೆ ಆಡಿಸಿದ್ದು ಸಾಕು ಎನಿಸಿದಾಗ ಕೈ ತೆಗೆಯಬೇಕು, ಮತ್ತೆ ಮತ್ತೆ ಉಜ್ಜಿದರೆ ಮೇಲ್ಮೈ ಕೆಡುತ್ತದೆ, ಇಡೀ ಬದುಕಿನಲ್ಲಿ ತಾನು ಕಲಿತದ್ದು ಇಷ್ಟೇ ಎನ್ನುತ್ತಿದ್ದರು. ಸಾರಿನ ರುಚಿ ನೋಡಿದ ಮೇಲೂ ಅದೇ ಮಾತು. ನನ್ನ ಯಜಮಾನರೂ ನಾನೂ ಜಗಳವಾಡುವುದು ಕೇಳಿಸಿದರೆ ಮೆಟ್ಟಿಲ ಕೆಳಗಿನಿಂದಲೂ ಅದೇ ಮಾತು.

ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ದ್ರಾಕ್ಷಿ ಬರುತ್ತಿತ್ತು. ಕ್ಯಾಲಿಫೋರ್ನಿಯಾದಿಂದ ರೈಲಿನಲ್ಲಿ ಬಂದ ಮರದ ಪೆಟ್ಟಿಗೆಗಳನ್ನು ಮಾರುಕಟ್ಟೆಯಿಂದ ತಮ್ಮ ಹಳೆಯ ಟ್ರಕ್ಕಿನಲ್ಲಿ ತರುತ್ತಿದ್ದರು. ದ್ರಾಕ್ಷಿಯನ್ನು ಯಂತ್ರದಲ್ಲಿ ಅರೆದು, ತೊಟ್ಟು ಸಿಪ್ಪೆಯ ಸಮೇತ ದೊಡ್ಡ ಮರದ ತೊಟ್ಟಿಗಳಿಗೆ ಸುರಿಯುವುದು. ಅದು ದೋಸೆ ಹಿಟ್ಟಿನಂತೆ ಉಬ್ಬಿ, ಗುಳ್ಳೆ ಎದ್ದು, ಹಗಲೂ ರಾತ್ರಿ ಗೊಣಗುಟ್ಟುತ್ತಿತ್ತು. ಚಳಿಯಲ್ಲಿ ನನ್ನ ಹಿಟ್ಟು ಹುದುಗುವುದಿಲ್ಲ ಎಂದು ಗೋಳಾಡಿದ್ದಕ್ಕೆ, ಆ ತೊಟ್ಟಿಯ ಪಕ್ಕದಲ್ಲೇ ನನ್ನ ಪಾತ್ರೆಗೂ ಜಾಗ ಕೊಟ್ಟರು. ಒಂದು ದಿನ ಮುಚ್ಚಳ ತೆಗೆದು ಮೂಸಿ, "ಇದನ್ನು ಕುಡಿಯೋದು ಯಾವಾಗ?" ಎಂದು ಕೇಳಿದರು.

ಆ ದಿನಗಳಲ್ಲಿ ಅವರು ಕೆಳಗೆ ಇಳಿಯುವುದಕ್ಕೆ ಒಂದು ಕ್ರಮವಿತ್ತು. ಹಿತ್ತಲ ಬಾಗಿಲ ಬಳಿ ನಿಂತು ಒಂದು ಮೇಣದಬತ್ತಿ ಹಚ್ಚುವರು. ಅದನ್ನು ಮೊಣಕಾಲಿಗಿಂತ ಕೆಳಗೆ ಹಿಡಿದು, ಬಾಗಿಕೊಂಡು, ಒಂದೊಂದೇ ಮೆಟ್ಟಿಲು ಇಳಿಯುವರು. ತುಟಿ ಅಲುಗುತ್ತಿರುವುದು. ಮಹಡಿಯ ಮೆಟ್ಟಿಲ ಮೇಲೆ ನಿಂತು ನಾನಿದನ್ನು ಎಷ್ಟೋ ಸಲ ನೋಡಿದ್ದೆ. ಹೊಸ ದ್ರಾಕ್ಷಿರಸಕ್ಕೆ ಮಂಗಳಾರತಿ ಎಂದುಕೊಂಡೆ. ಒಮ್ಮೊಮ್ಮೆ ಅರ್ಧ ದಾರಿಯಲ್ಲಿ ಬತ್ತಿ ಆರಿಹೋದರೆ, ಅವರು ತಟ್ಟನೆ ಹಿಂತಿರುಗಿ ಮೇಲೆ ಬಂದು, ಹೊರಗಿನಿಂದ ಕಿಟಕಿ ತೆರೆದು, ಹಿತ್ತಲಿನಲ್ಲಿ ಸುಮ್ಮನೆ ಕೂತುಬಿಡುವರು. ಅದೂ ನನಗೆ ವಿಚಿತ್ರ ಎನಿಸಲಿಲ್ಲ. ದೀಪ ಆರಿದರೆ ನಮ್ಮ ಅಜ್ಜಿಯೂ ಹೊರಟವರನ್ನು ಕೂರಿಸಿ, ನೀರು ಕುಡಿಸಿ, ಆಮೇಲೆ ಕಳಿಸುತ್ತಿದ್ದಳು.

"ಏನು ಮಂತ್ರ ಹೇಳ್ತಾರೋ ಕೇಳ್ಬೇಕು ರೀ" ಎಂದೆ ಇವರಿಗೆ.

"ಅವರ ಪೂಜೆ ಕಣೇ ಅದು. ಮಧ್ಯೆ ಹೋಗಿ ಡಿಸ್ಟರ್ಬ್ ಮಾಡ್ಬೇಡ" ಎಂದರು.

ಮಂಗಳಾರತಿ ಆಗುವಾಗ ನಡುವೆ ಮಾತಾಡಿಸಬಾರದೆಂದು ಬೆಳೆದವರು ನಾವು. ಆದ್ದರಿಂದ ಕೇಳಲಿಲ್ಲ.

ಪುಟ್ಟಿಗೆ ವರ್ಷ ತುಂಬಿದ ಮೇಲಿನ ನವರಾತ್ರಿ. ಆ ವರ್ಷ ಗೊಂಬೆ ಕೂರಿಸಲೇಬೇಕು ಎಂದು ಹಟ ಹಿಡಿದೆ. ಪಟ್ಟದ ಗೊಂಬೆಗಳನ್ನು ಸೀರೆಯಲ್ಲಿ ಸುತ್ತಿ ಮೈಸೂರಿನಿಂದ ತಂದಿದ್ದೆ, ಆದರೆ ಮಹಡಿಯಲ್ಲಿ ಮೆಟ್ಟಿಲು ಕಟ್ಟಲು ಜಾಗವಿರಲಿಲ್ಲ. ತಾತ ಕೆಳಗೆ ಬನ್ನಿ ಎಂದರು. ಕಾಂಕ್ರೀಟು ಹಾಕುವಾಗ ಬಳಸುವ ಹಲಗೆಗಳನ್ನು ತಂದು, ದ್ರಾಕ್ಷಿ ಪೆಟ್ಟಿಗೆಗಳ ಮೇಲೆ ಜೋಡಿಸಿ ಮೆಟ್ಟಿಲು ಮಾಡಿಕೊಟ್ಟರು. ನಾನು ಅದರ ಮೇಲೆ ಬಿಳಿ ಪಂಚೆ ಹಾಸಿ ರಾಜ ರಾಣಿಯರನ್ನು, ಸೆಟ್ಟಿ ದಂಪತಿಯನ್ನು, ಅವನ ಅಕ್ಕಿ ಬೇಳೆಯ ಅಂಗಡಿಯನ್ನು ಇಡುತ್ತಿದ್ದಂತೆ ಅವರ ಮುಖವೇ ಬದಲಾಯಿತು.

"ಇದು ನಮ್ಮಲ್ಲೂ ಇದೆ! ನನ್ನ ಹೆಂಡತಿ ಕ್ರಿಸ್‌ಮಸ್‌ಗೆ ಮಾಡ್ತಿದ್ದಳು. ಮಧ್ಯೆ ಯೇಸುವಿನ ತೊಟ್ಟಿಲು, ಸುತ್ತ ಊರು. ಅಲ್ಲೂ ಅಂಗಡಿಯವನು ಇದ್ದಾನೆ. ಅಲ್ಲೂ ದಪ್ಪಗೇ ಇದ್ದಾನೆ."

ಆಮೇಲೆ ಎಲ್ಲಿಂದಲೋ ಒಂದು ಡಬ್ಬ ತಂದು, ಹುಲ್ಲಿನಲ್ಲಿ ಸುತ್ತಿಟ್ಟ ಮಣ್ಣಿನ ಗೊಂಬೆಯೊಂದನ್ನು ತೆಗೆದರು. ಕಲ್ಲಿಗೆ ಒರಗಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿರುವ ಕುರಿಕಾಯುವ ಹುಡುಗ. "ಇವನನ್ನು ಎಲ್ಲರಿಗಿಂತ ಮೇಲಿಡಬೇಕು. ಇವನ ಕನಸಿನಲ್ಲೇ ಮಿಕ್ಕಿದ್ದೆಲ್ಲ ಇರೋದು. ಎಬ್ಬಿಸಿದರೆ ಊರಿಗೆ ಊರೇ ಮಾಯ." ಅವನನ್ನು ರಾಜ ರಾಣಿಯರ ಪಕ್ಕ ಮಲಗಿಸಿದೆ.

ಪುಟ್ಟಿಯನ್ನು ಕೆಳಗೆ ಕರೆತಂದು ಕೌದಿ ಹಾಸಿ ನೆಲದ ಮೇಲೆ ಬಿಟ್ಟಾಗ ಮಾತ್ರ ಅವರು ಬೈದರು. ಸಿಮೆಂಟು ಮೈಯ ಕಾವೆಲ್ಲ ಹೀರಿಬಿಡುತ್ತದೆ, ನನ್ನ ಮೊಣಕಾಲು ನೋಡಿ ಎಂದು ಪ್ಯಾಂಟು ಮೇಲೆತ್ತಿ ತೋರಿಸಿದರು. ಖಾಲಿ ಪೆಟ್ಟಿಗೆಗಳನ್ನು ಬೋರಲು ಹಾಕಿ, ಒಂದಕ್ಕೊಂದು ಬಿಗಿದು, ಮೇಲೆ ಕೌದಿ ಹಾಸಿ ಅವಳಿಗೊಂದು ಪುಟ್ಟ ಮಂಚ ಮಾಡಿಟ್ಟರು. ಆ ಮಂಚದ ಮಾತು ನೆನಪಿರಲಿ.

ಗೊಂಬೆಗಳ ಮುಂದೆ, ನೆಲದ ಮೇಲೆ ರಂಗೋಲಿ ಎಳೆದು ನಾನು ದೀಪ ಇಡುತ್ತಿದ್ದೆ. ಬೆಳಿಗ್ಗೆ, ಸಂಜೆ. ಮೊದಲ ದಿನವೇ ಅವರು ಅದನ್ನು ನೋಡಿ, ಬಹಳ ಹೊತ್ತು ತಲೆದೂಗಿದರು.

"ಬ್ರಾವಾ, ಸಿನ್ಯೋರಾ. ದೀಪ ಹೀಗೇ, ಕೆಳಗೇ ಇರಬೇಕು. ಯಾರು ಹೇಳಿಕೊಟ್ಟಿದ್ದು?"

"ನಮ್ಮಮ್ಮ."

"ಜಾಣೆ ನಿಮ್ಮಮ್ಮ. ಇಲ್ಲಿ ಯಾರಿಗೂ ಇದು ಗೊತ್ತಿಲ್ಲ. ನನ್ನ ಮಗಳಿಗೇ ಗೊತ್ತಿಲ್ಲ."

ಎಷ್ಟು ದೈವಭಕ್ತ ಮನುಷ್ಯ ಎಂದು ನನ್ನ ಕಣ್ಣು ತುಂಬಿತು.

ಆಯುಧಪೂಜೆಯ ಹಿಂದಿನ ದಿನ ಚಳಿ ಹಠಾತ್ತನೆ ಏರಿತು. ಕೆಲವು ದಿನಗಳ ಹಿಂದೆಯಷ್ಟೇ ಅವರು ಇನ್ನೊಂದು ಲೋಡು ದ್ರಾಕ್ಷಿ ತಂದು ತೊಟ್ಟಿಗಳನ್ನೆಲ್ಲ ತುಂಬಿದ್ದರು. ಚಳಿಗೆ ರಸ ಹುದುಗುವುದು ನಿಂತುಹೋದರೆ ವರ್ಷದ ವೈನೇ ಕೆಟ್ಟಂತೆ. ಬೆಳಿಗ್ಗೆ ನಾನು ದೀಪವಿಟ್ಟು ಮೇಲೆ ಹೋದ ಮೇಲೆ ಅವರು ನೆಲಮಾಳಿಗೆಯ ಕಿಟಕಿಗಳನ್ನೆಲ್ಲ ಮುಚ್ಚಿ ಸಂದಿಗೆ ಚಿಂದಿ ತುರುಕಿದರು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನೂ ಅನ್ನಿಸುತ್ತಿರಲಿಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಧಾರವಾಡದ ಗೆಳತಿಯೊಬ್ಬಳನ್ನು ಕರೆದಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಪುಟ್ಟಿಯನ್ನು ಎತ್ತಿಕೊಂಡು ಕೆಳಗೆ ಹೋದೆ. ಅವಳನ್ನು ಮಂಚದ ಮೇಲೆ ತಟ್ಟಿ ಮಲಗಿಸಿ, ತಟ್ಟೆಗಳನ್ನು ಜೋಡಿಸಿ, ಎಣ್ಣೆ ಬತ್ತಿ ಹೊಸದಾಗಿ ಹಾಕಿ ದೀಪ ಹಚ್ಚಿದೆ. ಆರಿತು. ಮತ್ತೆ ಹಚ್ಚಿದೆ. ಆರಿತು. ಗಾಳಿಯ ಸುಳಿವಿಲ್ಲ. ಮತ್ತೊಂದು ಕಡ್ಡಿ ಗೀರಿ ಬಗ್ಗಿದೆ, ಬತ್ತಿ ಮುಟ್ಟುವ ಮೊದಲೇ ಕಡ್ಡಿಯ ಉರಿ ತಾನಾಗಿ ಕುಗ್ಗಿ ಸತ್ತಿತು.

ನನ್ನ ಎದೆ ಹೊಡೆದುಕೊಳ್ಳತೊಡಗಿತು, ತಲೆ ಸಿಡಿಯುತ್ತಿತ್ತು. ಹೆದರಿಕೆಗೆ ಹೀಗಾಗುತ್ತಿದೆ ಎಂದುಕೊಂಡೆ. ಹಬ್ಬದ ದಿನ ದೀಪ ನಿಲ್ಲುತ್ತಿಲ್ಲ. ಊರಿನಲ್ಲಿ ಅಪ್ಪನಿಗೇನಾದರೂ ಆಯಿತೇ? ಇವರು ಫ್ರೀವೇಯಲ್ಲಿ ಡ್ರೈವ್ ಮಾಡುತ್ತಿರಬಹುದೇ? ಮೈಸೂರಿನವರೆಗೆ, ವಾರೆನ್‌ವರೆಗೆ ಎಲ್ಲರ ಅಪಾಯವನ್ನೂ ನೆನೆದೆ. ಪಕ್ಕದಲ್ಲಿ ಪುಟ್ಟಿ ಕೆನ್ನೆ ಕೆಂಪಾಗಿ, ಬೇಗಬೇಗ ಉಸಿರಾಡುತ್ತ ಮಲಗಿದ್ದಳು. ಎಂಥ ಸೊಂಪು ನಿದ್ದೆ ಎಂದುಕೊಂಡೆ.

ದೀಪಕ್ಕೆ ಬದಲು ತಾತನ ಮೇಣದಬತ್ತಿಯಾದರೂ ಇರಲಿ ಎಂದು ಮೇಲೆ ಹೋದೆ. ಅವರು ಹಿತ್ತಲಿನಲ್ಲಿ ಅಂಜೂರದ ಕೊಂಬೆಗಳನ್ನು ಬಗ್ಗಿಸಿ ಹಗ್ಗ ಕಟ್ಟುತ್ತಿದ್ದರು. ಚಳಿಗಾಲಕ್ಕೆ ಆ ಗಿಡವನ್ನು ಮಣ್ಣಿನಲ್ಲಿ ಹೂತು, ವಸಂತದಲ್ಲಿ ಎಬ್ಬಿಸುವುದು ಅವರ ಪದ್ಧತಿ.

"ತಾತ, ಒಂದು ಕ್ಯಾಂಡಲ್ ಇದ್ದರೆ ಕೊಡಿ. ಕೆಳಗೆ ನನ್ನ ದೀಪ ನಿಲ್ತಾನೇ ಇಲ್ಲ."

ಹಗ್ಗ ಅವರ ಕೈಯಿಂದ ಜಾರಿತು. ಕೊಂಬೆ ಚಾಟಿಯಂತೆ ಮೇಲೆದ್ದಿತು.

"ಮಗು ಎಲ್ಲಿ?"

"ಮಲಗಿದಾಳೆ."

"ಎಲ್ಲಿ? ಎಲ್ಲಿ?"

"ಕೆಳ..."

ಮಾತು ಮುಗಿಯುವ ಮೊದಲೇ ಅವರು ಓಡಿದರು. ಒಂದೊಂದೇ ಮೆಟ್ಟಿಲು ಇಳಿಯುವ ಆ ಮನುಷ್ಯ ಓಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಗಿಲಲ್ಲಿ ನಿಂತು ಎದೆ ತುಂಬ ಗಾಳಿ ಎಳೆದುಕೊಂಡರು, ಬಾಯಿ ಬಿಗಿಹಿಡಿದು ಇಳಿದರು. ನಾನು ಹಿಂದೆಯೇ ಹೋಗಹೊರಟಾಗ ತಿರುಗಿ ನನ್ನ ಎದೆಗೆ ಕೈಕೊಟ್ಟು ಹೊರಗೆ ತಳ್ಳಿದರು. ನಾನು ಹಿತ್ತಲ ಹುಲ್ಲಿನ ಮೇಲೆ ಬಿದ್ದೆ. ಏನಾಗುತ್ತಿದೆ ಎಂದು ನನಗೆ ಆಗಲೂ ತಿಳಿದಿರಲಿಲ್ಲ. ಬಾಗಿಲ ಚೌಕಟ್ಟು ಖಾಲಿ ಇತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುವುದು ಆ ಖಾಲಿ ಚೌಕಟ್ಟೇ.

ಆಮೇಲೆ ಅವರು ಅದರಲ್ಲಿ ಕಾಣಿಸಿಕೊಂಡರು, ಪುಟ್ಟಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು. ಅವಳ ಕತ್ತು ಒಂದು ಕಡೆ ವಾಲಿತ್ತು. "ಎಬ್ಬಿಸಿ! ಎಬ್ಬಿಸಿ! ಮಲಗೋಕೆ ಬಿಡಬೇಡಿ!" ಎಂದು ಎರಡೂ ಭಾಷೆಯಲ್ಲಿ ಕೂಗುತ್ತ ಅವಳನ್ನು ತಣ್ಣನೆಯ ಹುಲ್ಲಿನ ಮೇಲೆ ನನ್ನ ಮಡಿಲಿಗೆ ಹಾಕಿದರು. ಸಿಮೆಂಟಿನಿಂದ ಒರಟಾದ ಅಂಗೈಯಿಂದ ಅವಳ ಅಂಗಾಲು ತಿಕ್ಕಿದರು, ಮುಖಕ್ಕೆ ಊದಿದರು. ನಾನು ಅವಳ ಹೆಸರು ಕೂಗುತ್ತಲೇ ಇದ್ದೆ. ಪುಟ್ಟಿ ಒಮ್ಮೆ ತುಟಿ ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿದಳು. ನಿದ್ದೆ ಕೆಡಿಸಿದವರ ಮೇಲಿನ ಸಿಟ್ಟೆಲ್ಲ ಒಟ್ಟುಗೂಡಿಸಿಕೊಂಡು ಕಿಟಾರನೆ ಕಿರುಚಿದಳು.

ಅಂಥ ಸಂಗೀತವನ್ನು ನಾನು ಮತ್ತೆ ಕೇಳಿಲ್ಲ.

ಅವರ ಟ್ರಕ್ಕಿನಲ್ಲಿ, ಸಿಮೆಂಟ್ ಚೀಲಗಳ ವಾಸನೆಯ ನಡುವೆ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು, ತಾತ "ಅಳು, ಅಳು, ಜೋರಾಗಿ" ಎನ್ನುತ್ತಿದ್ದರು. ಆಮ್ಲಜನಕ ಕೊಟ್ಟರು, ರಕ್ತ ನೋಡಿದರು. ಡಾಕ್ಟರು ವಿವರಿಸಿದ್ದು ಇಷ್ಟು: ದ್ರಾಕ್ಷಿರಸ ಹುದುಗುವಾಗ ಬರುವ ಗಾಳಿ ಭಾರ. ಮುಚ್ಚಿದ ನೆಲಮಾಳಿಗೆಯಲ್ಲಿ ಅದು ನೀರಿನಂತೆ ನೆಲದಿಂದ ಮೇಲಕ್ಕೆ ತುಂಬಿಕೊಂಡು ಬರುತ್ತದೆ, ಮೊದಲು ದೀಪ, ಆಮೇಲೆ ಮಗು, ಆಮೇಲೆ ದೊಡ್ಡವರು. ನೆಲದ ಮೇಲೆಯೇ ಮಲಗಿಸಿರಲಿಲ್ಲವಲ್ಲ, ಪುಣ್ಯ ಎಂದರು. ಕೆಲಸದಿಂದ ಓಡಿಬಂದ ಇವರು ಆ ಮಾತು ಕೇಳಿ, ಪೆಟ್ಟಿಗೆಯ ಎತ್ತರವನ್ನು ಗಾಳಿಯಲ್ಲಿ ಕೈಯಿಂದ ಅಳೆದು ನೋಡಿ, ಕೈಯನ್ನು ಜೇಬಿನೊಳಗೆ ಇಟ್ಟುಕೊಂಡರು.

ಪುಟ್ಟಿಗೆ ಏನೂ ಆಗಿಲ್ಲ, ಸಂಜೆ ಕರೆದುಕೊಂಡು ಹೋಗಬಹುದು ಎಂದ ಮೇಲೆ ನಾವು ಮೂವರೂ ಕಾರಿಡಾರಿನ ಬೆಂಚಿನ ಮೇಲೆ ಕುಸಿದೆವು. ತಾತ ಟೋಪಿಯನ್ನು ಹಿಂಡುತ್ತ ಕೂತಿದ್ದರು.

"ಸಿನ್ಯೋರಾ, ಒಂದು ಕೇಳ್ತೀನಿ. ನಿಮ್ಮ ದೀಪ ಆರಿದ ಕೂಡಲೇ ಯಾಕೆ ಓಡಿಬರಲಿಲ್ಲ? ದೀಪ ಇಡೋದೇ ಅದಕ್ಕಲ್ಲವಾ?"

"ಯಾವುದಕ್ಕೆ?"

"ಗಾಳಿ ನೋಡೋಕೆ. ದಿನಾ ಇಡ್ತಿದ್ರಿ. ನಿಮಗೆ ಎಲ್ಲ ಗೊತ್ತು, ದೀಪ ಉರಿದರೆ ಇಳೀತೀರಿ, ಆರಿದರೆ ಹೊರಗೆ ಬರ್ತೀರಿ, ನಾನೇಕೆ ಹೇಳಲಿ ಅಂತ ಧೈರ್ಯವಾಗಿ ಕಿಟಕಿ ಮುಚ್ಚಿದೆ."

"ತಾತ, ಅದು ದೇವರ ದೀಪ."

ಅವರು ನನ್ನ ಮುಖವನ್ನೇ ನೋಡಿದರು. "ದೇವರದಾ?"

"ಹೂಂ. ನಿಮ್ಮ ಮೇಣದಬತ್ತಿಯ ಹಾಗೆ."

"ನಂದು? ನಂದು ಯಾವ ದೇವರಿಗೆ?" ಎಂದರು ಗಾಬರಿಯಿಂದ. "ನಾನು ಚರ್ಚಿಗೆ ಹೋಗಿ ಎಷ್ಟು ಕಾಲವಾಯ್ತು ಅಂತ ಪಾದ್ರಿಯನ್ನ ಕೇಳಿ!"

"ಮತ್ತೆ ಮೆಟ್ಟಿಲು ಇಳೀತಾ ಏನೋ ಮಂತ್ರ ಹೇಳ್ತಿದ್ರಲ್ಲ?"

"ಮಂತ್ರವಾ? ನನ್ನ ಮೊಣಕಾಲಿಗೆ ಬೈತಿದ್ದೆ."

ಮೊದಲು ನಕ್ಕವರು ಇವರು. ಆಮೇಲೆ ನನಗೆ ತಡೆಯಲಾಗಲಿಲ್ಲ. ತಾತನ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದಾರೆ ಎಂದುಕೊಂಡೆ, ನೋಡಿದರೆ ಟೋಪಿ ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದರು. ನರ್ಸು ಬಂದು ಸದ್ದು ಮಾಡಬೇಡಿ ಎಂದು ಗದರಿದಾಗ ಮೂವರೂ ಶಾಲೆಯ ಮಕ್ಕಳಂತೆ ನೆಟ್ಟಗೆ ಕೂತೆವು.

ಮನೆಗೆ ಬಂದರೆ ಧಾರವಾಡದ ಗೆಳತಿ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು, ಚಕ್ಕುಲಿ ಡಬ್ಬ ಹಿಡಿದು ಮುಂಬಾಗಿಲಲ್ಲಿ ನಡುಗುತ್ತ ನಿಂತಿದ್ದಳು. "ಏನ್ರೀ ಇದು, ಅರಿಶಿಣ ಕುಂಕುಮಕ್ಕ ಕರದು ಮನೀಗೆ ಕೀಲೀ ಹಾಕ್ಕೊಂಡು ಹೋಗ್ತಾರೇನ್ರೀ ಯಾರರೆ?" ಎಂದು ರೇಗಿದವಳು, ವಿಷಯ ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಪುಟ್ಟಿಯನ್ನು ಎಳೆದುಕೊಂಡಳು. ಡಬ್ಬವನ್ನು ತಾತನ ಕೈಗೆ ತುರುಕಿ, "ತಿನ್ರೀ ಅಜ್ಜಾರ, ತಿನ್ರೀ" ಎಂದು ಕನ್ನಡದಲ್ಲೇ ಬಲವಂತ ಮಾಡಿದಳು. ಅವರು ಚಳಿಯಲ್ಲಿ ನಿಂತು ಚಕ್ಕುಲಿ ಮುರಿದು ತಿಂದರು.

ಮಾರನೆಯ ಬೆಳಿಗ್ಗೆ ಕೆಳಗಿನಿಂದ ಸುತ್ತಿಗೆಯ ಸದ್ದು. ಕಿಟಕಿ ಬಾಗಿಲೆಲ್ಲ ತೆರೆದಿಟ್ಟು, ನಡುವೆ ಒಂದು ಮೇಣದಬತ್ತಿ ಹಚ್ಚಿಟ್ಟು, ಅವರು ತಮ್ಮ ಗೋಡೆಗೆ ಉಳಿ ಹಿಡಿದು ಹೊಡೆಯುತ್ತಿದ್ದರು. ಒಂದು ಮೊಳೆ ಹೊಡೆಯಲು ಬಿಡದ ಗೋಡೆ. ಅದೂ ಸುಲಭಕ್ಕೆ ಬಗ್ಗಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿದ್ದರು. ಮಧ್ಯೆ ನಿಲ್ಲಿಸಿ, ಉದುರಿದ ಚೂರೊಂದನ್ನು ಬೆಳಕಿಗೆ ಹಿಡಿದು, "ನೋಡಿ, ಎಂಥಾ ಕೆಲಸ" ಎಂದು ಮೆಚ್ಚಿ ಮತ್ತೆ ಹೊಡೆಯತೊಡಗಿದರು. ಇವರು ರಜ ಹಾಕಿ, ಹಳೆಯ ಕಾರಿನ ಹೀಟರಿನ ಫ್ಯಾನು ತಂದು, ನೆಲದ ಹತ್ತಿರದಿಂದ ಗಾಳಿ ಎಳೆದು ಆ ತೂತಿನಿಂದ ಹೊರಗೆ ಹಾಕುವಂತೆ ತಗಡಿನ ಪೈಪು ಕೂರಿಸಿದರು. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳದೆ ದಿನವಿಡೀ ಜಗಳವಾಡಿಕೊಂಡೇ ಕೆಲಸ ಮಾಡಿದರು. ಸಂಜೆ ಆ ಸುತ್ತಿಗೆ, ಉಳಿ, ಇವರ ಸ್ಪ್ಯಾನರು ಎಲ್ಲವನ್ನೂ ಸಾಲಾಗಿಟ್ಟು ಕುಂಕುಮ ಹಚ್ಚಿ ಆಯುಧಪೂಜೆ ಮಾಡಿದೆ. ದೀಪವನ್ನು ನೆಲದ ಮೇಲೆಯೇ ಇಟ್ಟೆ. ಉರಿಯಿತು. ಮೂವರೂ ಅದನ್ನೇ ನೋಡುತ್ತ ನಿಂತೆವು, ಯಾವ ಕಾರಣಕ್ಕೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಆಮೇಲೆ ಬಹಳ ದಿನ ನಾನು ಪುಟ್ಟಿಯನ್ನು ಮಲಗಲು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಅಂಗಾಲು ಮುಟ್ಟಿ ಎಬ್ಬಿಸುತ್ತಿದ್ದೆ. ಮೇಣದಬತ್ತಿ ಕೇಳಲು ಹೋಗದೆ ಇನ್ನೊಂದು ಕಡ್ಡಿ ಗೀರಿದ್ದರೆ? ಅವರು ಹಿತ್ತಲಿನಲ್ಲಿ ಇರದೆ ಮಾರುಕಟ್ಟೆಗೆ ಹೋಗಿದ್ದರೆ? ಒಂದು ದಿನ ಅವರು ಮಹಡಿಗೆ ಬಂದು ನನ್ನೆದುರು ಕೂತರು. ಕೈಯಲ್ಲಿ ಇಲ್ಲದ ಕರಣೆಯನ್ನು ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿ ತೋರಿಸಿದರು. "ನೀವು ಹೀಗೆ ಮಾಡ್ತಿದೀರಿ. ನಾನೂ ಮಾಡ್ತೀನಿ, ಮಲಗಿದಾಗ. ಬಸ್ತಾ, ಸಿನ್ಯೋರಾ. ಈಗ ಬಿಟ್ಟುಬಿಡಿ." ಎರಡೂ ಕೈ ಕೊಡವಿದರು.

ಬಿಡಲು ನನಗೆ ಪೂರ್ತಿ ಬಂದಿಲ್ಲ. ನಾವು ಡೆಟ್ರಾಯಿಟ್ ಬಿಡುವ ದಿನ ಅವರು ಹುಲ್ಲು ತುಂಬಿದ ಆ ಡಬ್ಬವನ್ನು ಪುಟ್ಟಿಯ ಕೈಗೆ ಕೊಟ್ಟರು. ನಿದ್ದೆಯ ಹುಡುಗ ಈಗ ಪ್ರತಿ ನವರಾತ್ರಿಯೂ ಇಲ್ಲಿ ವೆಸ್ಟ್‌ಮಂಟ್‌ನ ಹಾಲಿನಲ್ಲಿ, ಮೇಲಿನ ಮೆಟ್ಟಿಲ ಮೇಲೆ ಮಲಗುತ್ತಾನೆ.

ಇದನ್ನೆಲ್ಲ ಹೀಗೆಯೇ, ಇಷ್ಟೇ ಉದ್ದಕ್ಕೆ, ಅವರ ಮಗಳಿಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು, ಅದರ ಬೆನ್ನಿಗೆ ನಗು.

"ವಾಸನೆ ಹೋಗಲಿ ಅಂತ ಹಾಕಿಸಿದ್ದು ಅಂತಿದ್ರು. ಇಷ್ಟು ವರ್ಷವೂ ಅದನ್ನೇ ಹೇಳಿದ್ರು ನಂಗೆ."

"ಪೈಪ್ ತೆಗೆಸಬೇಡ" ಎಂದೆ. "ಅವರ ಮಗೂಗೆ ಮಂಚ ಕೂಡ ಮಾಡಿಸೋಕೆ ಹೇಳು. ಮೇಣದಬತ್ತಿ ವಿಷಯಾನೂ ಹೇಳು, ಬಾಯಿ ಬಿಟ್ಟು ಹೇಳು. ಅವರಿಗೆ ಗೊತ್ತಿರುತ್ತೆ ಅಂತ ಅಂದ್ಕೋಬೇಡ."

"ಇವತ್ತೇ ಹೋಗಿ ಹೇಳ್ತೀನಿ" ಎಂದಳು.

ಫೋನ್ ಇಟ್ಟಾಗ ಟೀವಿ ತನ್ನ ಪಾಡಿಗೆ ಮಾತಾಡುತ್ತಿತ್ತು, ನಗು ನಿಂತಿತ್ತು. ಹಾಲಿಗೆ ಹೋದೆ. ಪುಟ್ಟಿ ಕಾರ್ಪೆಟ್ಟಿನ ಮೇಲೆ, ಈ ನವರಾತ್ರಿಗೆ ಕೂರಿಸಿದ್ದ ಗೊಂಬೆಗಳ ಮುಂದೆ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಮಧ್ಯಾಹ್ನದ ಬಿಸಿಲು ಬಿದ್ದು ಕೆನ್ನೆ ಕೆಂಪಾಗಿತ್ತು. ಪಕ್ಕದಲ್ಲಿ ದೀಪ ನೆಟ್ಟಗೆ ಉರಿಯುತ್ತಿತ್ತು. ಎಲ್ಲ ನೋಡಿಯೂ, ಬಗ್ಗಿ ಅವಳ ಅಂಗಾಲು ಮುಟ್ಟಿದೆ.

ಹುಬ್ಬು ಗಂಟಿಕ್ಕಿ ಕಾಲೆಳೆದುಕೊಂಡಳು. "ಅಮ್ಮಾ! ಐ ವಾಸ್ ಸ್ಲೀಪಿಂಗ್!"

"ಸರಿ ಕಣೇ" ಎಂದೆ. "ಮಲ್ಕೋ."